ಗುತ್ತಿಗೆದಾರನ ಊಟ

ಲಂಡನ್, ೧೨ ಜನವರಿ ೧೭೯೫

ಪ್ರೀತಿಯ ಜೂಡಿತ್,

ಹೊಸ ವರ್ಷ ಹುಟ್ಟಿ ಹನ್ನೆರಡು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನಾನೂ ಬರೆದಿಲ್ಲ, ಆದ್ದರಿಂದ ದೂರುವುದಿಲ್ಲ. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಒಣಮೀನು ಚೆನ್ನಾಗಿತ್ತು.

ಈಗ ಬರೆಯಲು ಒಂದು ಕಾರಣವಿದೆ. ಅಕ್ಟೋಬರಿನಿಂದ ಈಚೆಗೆ ನನ್ನ ಅಂಗಡಿಗೆ ಅಂಚೆಯಲ್ಲಿ ಮೂರು ಚಿತ್ರಗಳು ಬಂದಿವೆ. ಕಳಿಸಿದವನ ಹೆಸರಿಲ್ಲ. ಅದರಲ್ಲಿ ವಿಶೇಷವೇನಿಲ್ಲ. ನಗಿಸುವ ಯೋಚನೆಯೊಂದು ಹೊಳೆದ ದೊಡ್ಡ ಮನುಷ್ಯರು ಚೀಟಿಯಲ್ಲಿ ಗೀಚಿ ನಮ್ಮಂಥವರಿಗೆ ಕಳಿಸುತ್ತಾರೆ, ನಾವು ಅದನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತೇವೆ, ಮಾರನೆಯ ದಿನ ಅವರು ಕಾಫಿ ಅಂಗಡಿಯಲ್ಲಿ ಏನೂ ಅರಿಯದವರಂತೆ ಕೂತು ನಗುತ್ತಾರೆ. ಆದರೆ ಅವರ ಗೆರೆಗಳನ್ನು ನಾನು ತಿದ್ದಬೇಕಾಗುತ್ತದೆ. ಇವನ ಗೆರೆಯನ್ನು ತಿದ್ದಲು ಕೈ ಬರಲಿಲ್ಲ. ಮೂರು ಹಾಳೆಗಳ ಮೇಲೂ ನಿಮ್ಮ ಪೋರ್ಟ್ಸ್‌ಮತ್ ಅಂಚೆಯ ಮೊಹರಿದೆ.

ಮೊದಲೆರಡನ್ನು ಭಯಪಟ್ಟು ಒಳಗಿಟ್ಟೆ. ಮೂರನೆಯದು ‘ಗುತ್ತಿಗೆದಾರನ ಊಟ’. ಸೇನೆಗೆ ಬೂಟು ಒದಗಿಸುವವನೊಬ್ಬ ಊಟಕ್ಕೆ ಕೂತು, ಬೂಟಿನ ಅಡಿಯ ಅಟ್ಟೆಯನ್ನು ಮಾಂಸದ ಹಾಗೆ ಕೊಯ್ಯುತ್ತಿದ್ದಾನೆ. ಬಾಗಿಲಲ್ಲಿ ಹಿಮ ಮೆತ್ತಿದ ಬರಿಗಾಲಿನ ಸಿಪಾಯಿ. ಗುತ್ತಿಗೆದಾರ ಅನ್ನುವುದು ಇಷ್ಟೇ: ‘ಬಾಗಿಲು ಹಾಕ್ಕೊಳ್ಳಪ್ಪಾ, ಚಳಿ ಬರತ್ತೆ.’ ನಮ್ಮ ಸೇನೆ ಹಾಲೆಂಡಿನ ಹಿಮದಲ್ಲಿ ಹಿಂದಕ್ಕೆ ಬರುತ್ತಿದೆ ಎಂಬ ಸುದ್ದಿ ಹೋದ ವಾರ ಊರೆಲ್ಲ ಹರಡಿತಲ್ಲ, ಬೇರೆ ಅಂಗಡಿಯವರು ಅಂಥದ್ದೇ ಏನಾದರೂ ಹಾಕುವ ಮೊದಲು ಎಂದು ಒಂದೇ ದಿನದಲ್ಲಿ ಕೊರೆದು ಮುಗಿಸಿದೆ. ಅವಸರದಲ್ಲಿ ಒಂದು ತಪ್ಪೂ ಆಯಿತು, ಕಸುಬಿಗೆ ಹೊಸಬರು ಮಾಡುವಂಥದ್ದು. ಏನೆಂದು ಬರೆಯಲು ನಾಚಿಕೆ. ಈ ಕಸುಬು ಕಲಿಸಿದ ಅಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು.

ಕಿಟಕಿಯ ಮುಂದೆ ದಾರಿ ಕಟ್ಟುವಷ್ಟು ಜನ.

“ಅದು ಮಾಂಸ ಅಲ್ಲ ಕಣಯ್ಯಾ, ಅಟ್ಟೆ” ಎಂದ ಒಬ್ಬ.

“ನಮ್ಮನೆಯೋಳು ಬೇಯ್ಸೋ ಮಾಂಸಕ್ಕಿಂತ ಮೆತ್ತಗಿರೋ ಹಾಗಿದೆ ಬಿಡು” ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಆಗ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, “ನನ್ನ ತಮ್ಮ ಅಲ್ಲೇ ಇದಾನೆ” ಎಂದಳು. ನಗು ನಿಂತುಹೋಯಿತು. ಆದರೆ ಯಾರೂ ಜಾಗ ಬಿಟ್ಟು ಹೋಗಲಿಲ್ಲ.

ನಿನ್ನ ಗಂಡ ಗಿಲ್ಬರ್ಟ್ ಸೇನಾ ಉಗ್ರಾಣದಲ್ಲಿ ಬೂಟು ಪರೀಕ್ಷಿಸಿ ಮುದ್ರೆ ಒತ್ತುವವನು. ಅಲ್ಲಿ ಬಂದುಹೋಗುವವರಲ್ಲಿ ಚಿತ್ರ ಬರೆಯುವ ಕೈ ಯಾರದಾದರೂ ಇದೆಯೇ? ಗಿಲ್ಬರ್ಟನನ್ನು ಕೇಳಬೇಡ. ನೀನೇ ಸುಮ್ಮನೆ ಗಮನಿಸು.

ನಿನ್ನ ಅಕ್ಕ,
ಡಾರ್ಕಸ್

—

ಪೋರ್ಟ್ಸ್‌ಮತ್, ೧೯ ಜನವರಿ

ಅಕ್ಕಾ,

ನಿನ್ನ ಪತ್ರ ಬಂತು. ಇಲ್ಲಿ ಚಿತ್ರ ಬರೆಯುವವರು ಯಾರೂ ನನಗೆ ಗೊತ್ತಿಲ್ಲ. ಹಡಗುಕಟ್ಟೆಯಲ್ಲಿ ಸಾವಿರ ಜನ, ಅದರಲ್ಲಿ ಯಾರೋ ಒಬ್ಬನಿರಬಹುದು. ಇಂಥ ಪ್ರಶ್ನೆಗಳನ್ನು ಇನ್ನು ಮುಂದೆ ಕಾಗದದಲ್ಲಿ ಕೇಳಬೇಡ. ಗಿಲ್ಬರ್ಟ್ ರಾಜನಿಷ್ಠರ ಸಂಘಕ್ಕೆ ಸೇರಿದ್ದಾನೆ, ವಾರಕ್ಕೊಮ್ಮೆ ಅವರ ಸಭೆ. ಯಾವ ಮನೆಯಲ್ಲಿ ಯಾವ ಪತ್ರಿಕೆ ಓದುತ್ತಾರೆ ಎನ್ನುವುದೂ ಅಲ್ಲಿ ಚರ್ಚೆಯಾಗುತ್ತದೆ.

ನಿನ್ನ ಪತ್ರದ ಅರಗು ಎರಡು ಬಣ್ಣದಲ್ಲಿತ್ತು. ಮೇಲೆ ಕೆಂಪು, ಅಂಚಿನಲ್ಲಿ ಸ್ವಲ್ಪ ಕಂದು. ನಿನ್ನ ಮನೆಯಲ್ಲಿ ಎರಡು ಬಗೆಯ ಅರಗಿದೆಯೇ?

ಜನ ಕಿಟಕಿಯ ಮುಂದೆ ನಿಂತರು ಎಂದೆಯಲ್ಲ, ಎಷ್ಟು ಹೊತ್ತು ನಿಂತರು? ಆ ಮೀನಿನವಳು ಮತ್ತೆ ಬಂದಳೇ? ಸಿಪಾಯಿಯ ಕಾಲಿಗೆ ಏನು ಬಣ್ಣ ಹಚ್ಚಿಸಿದೆ? ಕೆಂಪು ಹಚ್ಚಿಸಿದ್ದರೆ ತಪ್ಪು. ಹಿಮಕ್ಕೆ ಸತ್ತ ಕಾಲು ಕೆಂಪಗಿರುವುದಿಲ್ಲ, ಸೀಸದ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲಿ ಹಡಗಿನಿಂದ ಇಳಿಸುವಾಗ ನೋಡಿದ್ದೇನೆ.

ಇದೆಲ್ಲ ಸುಮ್ಮನೆ ಕೇಳಿದ್ದು. ಚಿತ್ರಗಿತ್ರ ನೋಡಲು ನನಗೆ ಪುರುಸೊತ್ತಿಲ್ಲ.

ಜೂಡಿತ್

—

ಲಂಡನ್, ೨ ಫೆಬ್ರವರಿ

ಜೂಡಿತ್,

ನಿನ್ನ ಪತ್ರಕ್ಕೆ ತಕ್ಷಣ ಉತ್ತರಿಸಲಾಗಲಿಲ್ಲ. ಹೋದ ಗುರುವಾರ ಇಬ್ಬರು ಪೇದೆಗಳು ಬಂದು ತಗಡನ್ನೂ ಉಳಿದ ಪ್ರತಿಗಳನ್ನೂ ಗಾಡಿಗೆ ಹೇರಿಕೊಂಡು ಹೋದರು. ನನ್ನನ್ನೂ ಕರೆದೊಯ್ದರು. ಬಣ್ಣ ಹಚ್ಚುವ ಮಿಸೆಸ್ ಲಂಟ್ ಬಾಗಿಲಿಗೆ ಅಡ್ಡ ನಿಂತು, “ಮೊದ್ಲು ಬೂಟು ಒರೆಸ್ಕೊಂಡು ಒಳಗ್ ಬನ್ನಿ, ಅಟ್ಟೆ ಇದ್ರೆ” ಎಂದಳು. ಅದು ನನಗೇನೂ ಸಹಾಯ ಮಾಡಲಿಲ್ಲ.

ನ್ಯಾಯಾಧಿಕಾರಿ ಒರಟನಲ್ಲ. ಅದೇ ಹೆಚ್ಚು ಭಯ. ಚಿತ್ರದ ಅಡಿಯಲ್ಲಿ ಬೆರಳಿಟ್ಟು ಕೇಳಿದ.

“ಈ ಹೆಸರು ನಿಂದೇನಮ್ಮಾ?”

“ನಂದೇ ಸ್ವಾಮಿ. ಹೆಸರು, ತಾರೀಕು ಹಾಕಿದ್ರೆ ತಾನೆ ನಕಲು ಮಾಡೋರನ್ನ ಕಾನೂನಲ್ಲಿ ಹಿಡಿಯೋಕಾಗೋದು.”

“ನೋಡು, ಈಗ ನಿನ್ನನ್ನೇ ಹಿಡೀತು.”

ಯುದ್ಧ ನಡೆಯುವಾಗ ಸೇನೆಯ ಮೇಲೆ ಜನರ ನಂಬಿಕೆ ಕೆಡಿಸಿದ ಅಪರಾಧವಂತೆ. ಯುದ್ಧವನ್ನು ಹೊಗಳುವ ಚಿತ್ರಗಳೂ ಅದೇ ಕಿಟಕಿಯಲ್ಲಿವೆ ಎಂದೆ. “ಅದನ್ನ ನೋಡೋಕೆ ಯಾಕೆ ಯಾರೂ ನಿಲ್ಲಲ್ಲ?” ಎಂದು ಕೇಳಿದ.  ಆಮೇಲೆ ದನಿ ತಗ್ಗಿಸಿ ಹೇಳಿದ: “ಕೊರೆದಿದ್ದು ನೀನು, ಸರಿ. ಯೋಚನೆ ಯಾರದು? ಅಂಗಡಿ ನೋಡ್ಕೊಂಡಿರೋ ಹೆಂಗಸಿಗೆ ಬೂಟಿನ ಒಳಗೆ ಏನಿರತ್ತೆ ಅಂತ ಹೇಗೆ ಗೊತ್ತು? ಅವನ ಹೆಸರು ಹೇಳು, ಮನೆಗೆ ಹೋಗು.” ಇಪ್ಪತ್ತನೆಯ ತಾರೀಕಿನವರೆಗೆ ಸಮಯ ಕೊಟ್ಟಿದ್ದಾನೆ. ಹೇಳದಿದ್ದರೆ ಸೆರೆಮನೆ.

ಮೂಲ ಚಿತ್ರಗಳು ಅವರ ಕೈಗೆ ಸಿಕ್ಕಿಲ್ಲ. ಬಂದವಳೇ ತೆಗೆದು ನೋಡಿದೆ. ನೀಲಿ ಬೆರೆತ ಬೂದು ಬಣ್ಣದ ಒರಟು ಕಾಗದ. ಎಲ್ಲೋ ನೋಡಿದ್ದೇನೆ ಅನ್ನಿಸಿ ಅಡುಗೆಮನೆಗೆ ಹೋದೆ. ನಿನ್ನ ಒಣಮೀನು ಸುತ್ತಿ ಬಂದ ಕಾಗದ ಅಲ್ಲಿತ್ತು. ಎರಡೂ ಒಂದೇ. ಉಗ್ರಾಣದಲ್ಲಿ ಬೂಟು ಸುತ್ತುವ ಕಾಗದ. ಚಿತ್ರದ ಮೇಲಿನ ಅಕ್ಷರಗಳೂ ಪೆಟ್ಟಿಗೆಗಳ ಮೇಲೆ ಬಳಿಯುವಂಥ ದಪ್ಪ ಅಕ್ಷರಗಳು.

ಅದು ನಿನ್ನ ಮನೆಯಿಂದಲೇ ಬಂದದ್ದು, ಜೂಡಿತ್. ನನ್ನ ಕಸುಬನ್ನು ಕಂಡರಾಗದ ಒಬ್ಬರು ಆ ಮನೆಯಲ್ಲಿದ್ದಾರೆ. ಒಂದು ಚಿತ್ರ ಕಳಿಸಿ, ನಾನು ಅದನ್ನು ಅಚ್ಚು ಹಾಕುವವರೆಗೆ ಕಾದು, ಆಮೇಲೆ ತನ್ನ ಸಂಘದವರಿಗೆ ದೂರು ಕೊಡುವುದು ಎಷ್ಟು ಸುಲಭ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತರಂದು ಅಲ್ಲಿ ಹೇಳಬೇಕೆಂದಿದ್ದೇನೆ.

ನಿನಗೆ ಇದೆಲ್ಲ ಗೊತ್ತಿತ್ತೇ? ಗೊತ್ತಿತ್ತೆಂದು ನಂಬಲಾರೆ. ಗೊತ್ತಿರಲಿಲ್ಲವೆಂದು ನಂಬುವುದೂ ಈಗ ಕಷ್ಟವಾಗಿದೆ.

ಡಾರ್ಕಸ್

—

ಪೋರ್ಟ್ಸ್‌ಮತ್, ೬ ಫೆಬ್ರವರಿ

ಅಕ್ಕಾ,

ನೀನು ಬರೆಯದೆ ಬಿಟ್ಟ ಹೆಸರು ಯಾರದೆಂದು ತಿಳಿಯಲು ಜಾಣತನ ಬೇಕಿಲ್ಲ. ಅವನಲ್ಲ. ಗಿಲ್ಬರ್ಟ್ ಮುಂಗೋಪಿ, ಹೆದರುಪುಕ್ಕ, ಏನು ಬೇಕಾದರೂ ಅನ್ನು. ಮೋಸ ಹೂಡುವಷ್ಟು ತಾಳ್ಮೆ ಅವನಿಗಿಲ್ಲ. ಸೇನೆಯ ನೀಲಿ ಕಾಗದ ಈ ಊರಿನಲ್ಲಿ ಬೆಣ್ಣೆ ಮಾರುವವಳ ಹತ್ತಿರವೂ ಇದೆ. ಅದನ್ನು ಹಿಡಿದುಕೊಂಡು ಒಬ್ಬ ಮನುಷ್ಯನನ್ನು ಸೆರೆಮನೆಗೆ ಕಳಿಸುತ್ತೀಯಾ?

ಆ ಚಿತ್ರವನ್ನು ಕಂಡರೆ ಅವನಿಗೆ ಎಷ್ಟು ಅಸಹ್ಯವೆಂದು ಕೇಳು. ಹೋದ ವಾರ ಸಂಘದವರು ಎಲ್ಲಿಂದಲೋ ಒಂದು ಪ್ರತಿ ತಂದುಕೊಟ್ಟರು. ಅವನು ಮನೆಗೆ ತಂದು ಮೇಜಿನ ಮೇಲೆ ಹರಡಿ, “ನೋಡೇ ನಿನ್ನಕ್ಕನ ಘನಕಾರ್ಯನಾ” ಎಂದ. ನೋಡಿದೆ. ಎಡಗಡೆ ಮೇಜಿಗೆ ಹೊಟ್ಟೆ ಒತ್ತಿಕೊಂಡು ಕೂತ ಗುತ್ತಿಗೆದಾರ, ಬಲಗೈಯಲ್ಲಿ ಚಾಕು, ಕೊರಳಿಗೆ ಕಟ್ಟಿಕೊಂಡ ಬಿಳಿ ಬಟ್ಟೆ. ಬಲಗಡೆ ಬಾಗಿಲಿಗೆ ಒರಗಿದ ಸಿಪಾಯಿ, ಬಾಗಿಲಿನಾಚೆ ಸಾಲಾಗಿ ಇನ್ನೂ ಬರುತ್ತಿರುವವರು. ನಾನು ಸರಿಯಾಗಿ ನೋಡುವ ಮೊದಲೇ ಅವನು ಅದನ್ನು ಕಿತ್ತು ಒಲೆಗೆ ಹಾಕಿದ. ಅಂಥವನು ಅದನ್ನು ಬರೆದು ಕಳಿಸಿದ ಎನ್ನುತ್ತೀ.

ಇನ್ನೊಂದು ಮಾತು. ಆ ಸಿಪಾಯಿಯ ಪಕ್ಕದಲ್ಲೇ ಯುದ್ಧವನ್ನು ಹೊಗಳುವ ಚಿತ್ರವನ್ನೂ ನೇತುಹಾಕಿದ್ದೆ ಎಂದು ನೀನೇ ಬರೆದಿದ್ದೀಯ. ನಿನಗೆ ಎರಡೂ ಒಂದೇ. ಅವನ ಕಾಲು ನಿನಗೆ ಬರೀ ಸರಕು. ಅಂಥ ನೀನು ಬೇರೆಯವರ ಕಪಟ ಹುಡುಕಲು ಹೊರಟಿದ್ದೀಯಾ?

ಇಪ್ಪತ್ತರಂದು ಗಿಲ್ಬರ್ಟನ ಹೆಸರು ಹೇಳಬೇಡ. ಕೈಮುಗಿದು ಕೇಳುತ್ತೇನೆ.

ಜೂಡಿತ್

—

ಲಂಡನ್, ೧೪ ಫೆಬ್ರವರಿ
ಮಿಸೆಸ್ ಲಂಟ್ ಕೈಯಲ್ಲಿ

ಜೂಡಿತ್,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಹಿಂದಿನ ಪತ್ರದ ಅರಗನ್ನು ಬಿಸಿ ಮಾಡಿ ಎಬ್ಬಿಸಿ ಮತ್ತೆ ಅಂಟಿಸಿದ್ದರು, ಕೆಳಗೆ ಯಾರದೋ ಹೆಬ್ಬೆರಳಿನ ಗುರುತೂ ಇತ್ತು. ಮಿಸೆಸ್ ಲಂಟ್ ಗಾಡಿಯಲ್ಲಿ ಬರುತ್ತಿದ್ದಾಳೆ. ನೀನು ಓದುವವರೆಗೆ ಅವಳು ಅಲ್ಲಿಂದ ಕದಲುವುದಿಲ್ಲ. ಓದಿ ಸುಟ್ಟುಬಿಡು.

ನನ್ನಿಂದ ಒಂದು ತಪ್ಪಾಯಿತು ಎಂದು ಬರೆದಿದ್ದೆನಲ್ಲ, ಅದೇನೆಂದು ಈಗ ಹೇಳುತ್ತೇನೆ. ತಾಮ್ರದ ಮೇಲೆ ಕೊರೆದದ್ದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ಮಗುಚಿ ಬೀಳುತ್ತದೆ. ಅದಕ್ಕೇ ನಾವು ಮೂಲ ಚಿತ್ರವನ್ನು ಎಣ್ಣೆ ಕಾಗದದ ಮೇಲೆ ತೆಗೆದು, ಆ ಕಾಗದವನ್ನು ಹಿಂದುಮುಂದಾಗಿ ತಗಡಿನ ಮೇಲಿಟ್ಟು ಕೊರೆಯುತ್ತೇವೆ. ಆಗ ಅಚ್ಚಿನಲ್ಲಿ ಎಲ್ಲ ನೇರವಾಗುತ್ತದೆ. ಅವತ್ತು ಅವಸರದಲ್ಲಿ ನಾನು ಕಾಗದವನ್ನು ತಿರುಗಿಸಿ ಇಡುವುದನ್ನೇ ಮರೆತೆ. ಅಕ್ಷರಗಳನ್ನು ಆಮೇಲೆ ಬೇರೆಯಾಗಿ ಕೊರೆದದ್ದರಿಂದ ಅವು ನೇರವಾಗಿಯೇ ಬಂದವು, ಚಿತ್ರ ಮಾತ್ರ ಮಗುಚಿತು. ಅಚ್ಚಾದ ಚಿತ್ರದಲ್ಲಿ ಗುತ್ತಿಗೆದಾರ ಕೂತಿರುವುದು ಬಲಗಡೆ. ಚಾಕು ಇರುವುದು ಎಡಗೈಯಲ್ಲಿ. ಸಿಪಾಯಿ ಎಡಗಡೆ. ಊರೆಲ್ಲ ಅವನನ್ನು ‘ಎಡಚ ಗುತ್ತಿಗೆದಾರ’ ಎಂದೇ ಕರೆಯಿತು. ನಾನು ಮಾರಿದ ಪ್ರತಿಯೊಂದು ಪ್ರತಿಯೂ ಹಾಗೆಯೇ ಇದೆ, ಗಿಲ್ಬರ್ಟ್ ಒಲೆಗೆ ಹಾಕಿದ ಪ್ರತಿಯೂ ಸೇರಿ, ಅಂಥದ್ದೊಂದು ಇದ್ದಿದ್ದರೆ.

ನೀನು ವಿವರಿಸಿದ ಹಾಗೆ ಆ ಚಿತ್ರ ಇರುವುದು ಭೂಮಿಯ ಮೇಲೆ ಒಂದೇ ಒಂದು ಹಾಳೆಯಲ್ಲಿ. ಅದನ್ನು ನೋಡಿದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಅದನ್ನು ಬರೆದವರು.

ನಿನ್ನ ಪತ್ರವನ್ನು ಬಿಚ್ಚಿ ಓದಿದವರ ಬಳಿ ಅಚ್ಚಿನ ಪ್ರತಿಗಳೆಲ್ಲ ಇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಇನ್ನೂ ಯಾರಿಗೂ ಬಂದಿಲ್ಲ ಎಂದುಕೊಂಡಿದ್ದೇನೆ. ತಗಡಿನ ಕೆಲಸ ತಿಳಿದವನೊಬ್ಬ ಅಲ್ಲಿದ್ದರೆ ಈ ವೇಳೆಗೆ ನಿನ್ನ ಬಾಗಿಲು ತಟ್ಟಿರುತ್ತಿದ್ದ.

ಇಪ್ಪತ್ತರಂದು ನಾನೇನು ಹೇಳುತ್ತೇನೆಂದು ಕೇಳಬೇಡ. ನನಗೆ ಒಂದಕ್ಕೆ ಉತ್ತರ ಬೇಕು. ನಾನು ನಿನ್ನ ಗಂಡನನ್ನು ಹಿಡಿದುಕೊಡಲು ಹೊರಟಾಗಲೂ ನೀನು ಬಾಯಿ ಬಿಡಲಿಲ್ಲ, ಯಾಕೆ?

ಡಾ.

—

ಪೋರ್ಟ್ಸ್‌ಮತ್, ೧೬ ಫೆಬ್ರವರಿ
ಮಿಸೆಸ್ ಲಂಟ್ ಕೈಯಲ್ಲಿ

ಅಕ್ಕಾ,

ಮಿಸೆಸ್ ಲಂಟ್ ನನ್ನ ಅಡುಗೆಮನೆಯಲ್ಲಿ ಕೂತು ಬಟಾಣಿ ಗಂಜಿ ಕುಡಿಯುತ್ತಿದ್ದಾಳೆ. “ಬೇಗ ಬರಿಯಮ್ಮಾ, ನಿನ್ನ ಗಂಡ ಬಂದ್ರೆ ನಾನು ಸೂಜಿ ಮಾರೋಕೆ ಬಂದೋಳು ಅಂತೀನಿ, ಆದ್ರೆ ನನ್ನ ಹತ್ರ ಸೂಜಿ ಇಲ್ಲ” ಎನ್ನುತ್ತಿದ್ದಾಳೆ.

ಮೂರು ವರ್ಷದಿಂದ ಗಿಲ್ಬರ್ಟನ ಕಣ್ಣು ಮಂಜು. ಕೆಲಸ ಹೋದೀತೆಂದು ಯಾರಿಗೂ ಹೇಳಿಲ್ಲ. ಬುತ್ತಿ ತರುವ ನೆಪದಲ್ಲಿ ನಾನು ಉಗ್ರಾಣಕ್ಕೆ ಹೋಗುತ್ತೇನೆ, ಅವನ ಪಕ್ಕದಲ್ಲಿ ಕೂತು ಬೂಟು ನೋಡುವವಳೂ ಮುದ್ರೆ ಒತ್ತುವವಳೂ ನಾನೇ. ಸೆಪ್ಟೆಂಬರ್ ಕೊನೆಯಲ್ಲಿ ಗುತ್ತಿಗೆದಾರ ಓಕ್‌ಶಾಟ್ ಕಳಿಸಿದ ಬೂಟೊಂದು ಕೈಜಾರಿ ನೀರಿನ ಬಕೆಟ್ಟಿಗೆ ಬಿತ್ತು. ಎತ್ತುವಷ್ಟರಲ್ಲಿ ಅಟ್ಟೆ ಬಾಯಿ ಬಿಟ್ಟಿತ್ತು. ಎರಡು ತೆಳು ಚರ್ಮದ ನಡುವೆ ಜೇಡಿಮಣ್ಣು ಮತ್ತು ಕಂದು ಕಾಗದ. ಗಿಲ್ಬರ್ಟನ ಕೈಗೆ ಕೊಟ್ಟೆ. ಬೆರಳಾಡಿಸಿ ನೋಡಿದ. “ಒತ್ತು” ಎಂದ. “ಇದು ಮಣ್ಣು ಕಣ್ರೀ” ಎಂದೆ. “ವಾಪಸ್ ಕಳಿಸಿದ್ರೆ ಯಾರು ನೋಡಿದ್ದು ಅಂತ ಕೇಳ್ತಾರೆ. ಒತ್ತು” ಎಂದ.

ನಾನು ಒತ್ತಿದೆ ಅಕ್ಕಾ. ಎಂಟು ದಿನ ಒತ್ತಿದೆ. ಆ ಸಿಪಾಯಿಗಳು ಹಾಕಿಕೊಂಡು ಹೋದ ಬೂಟಿನ ಮೇಲಿರುವುದು ನನ್ನ ಕೈಯ ಮುದ್ರೆ. ನಿನಗೆ ಅವರ ಕಾಲು ಸರಕು ಎಂದು ಬರೆದೆನಲ್ಲ, ಆ ಮಾತು ನನಗೇ ಅಂದುಕೊಂಡದ್ದು. ಒಂಬತ್ತನೆಯ ದಿನ ಅದೇ ಕಾಗದದ ಮೇಲೆ ಮೊದಲ ಚಿತ್ರ ಬರೆದೆ.

ನಿನ್ನ ಹತ್ತಿರ ಯಾಕೆ ಮುಚ್ಚಿಟ್ಟೆ? ಹೇಳಿದರೆ ಗಿಲ್ಬರ್ಟ್ ಸಿಕ್ಕಿಬೀಳುತ್ತಾನೆ ಎಂಬುದು ಒಂದು ಕಾರಣ. ಅವನು ಸಿಕ್ಕಿಬೀಳಲಿ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಅದರ ಉತ್ತರ ಬರೆಯಲಾರೆ.

ಇನ್ನೊಂದು ಕಾರಣ ಸಣ್ಣದು, ಹೇಳಲು ಹೆಚ್ಚು ನಾಚಿಕೆಯದು. ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮ ಬೀದಿಯ ಕುರುಡ ಪಿಟೀಲಿನವನನ್ನು ಬರೆದು ಅಪ್ಪನ ಮೇಜಿನ ಮೇಲಿಟ್ಟಿದ್ದೆ. ಅಪ್ಪ ನೋಡುವ ಮೊದಲು ನೀನು ನೋಡಿದೆ. “ಇದೇನೇ, ಪಿಟೀಲು ಬಾರಿಸ್ತಿರೋ ಆಲೂಗಡ್ಡೆನಾ?” ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅಪ್ಪನೂ ನಕ್ಕರು. ತಗಡು, ಕೊರೆಯುವ ಸೂಜಿ ನಿನ್ನ ಪಾಲಿಗೆ ಬಂದವು. ನನ್ನನ್ನು ಮನೆಗೆಲಸಕ್ಕೆ ಕಳಿಸಿದರು. ಅದಾಗಿ ಮೂವತ್ತು ವರ್ಷ ಯಾರಿಗೂ ತೋರಿಸದೆ ಬರೆದಿದ್ದೇನೆ, ಬರೆದು ಸುಟ್ಟಿದ್ದೇನೆ. ಯಾರದೆಂದು ಗೊತ್ತಿಲ್ಲದಿದ್ದರೆ ನೀನು ಏನು ಹೇಳುತ್ತೀ ಎಂದು ತಿಳಿಯಬೇಕಿತ್ತು. ‘ತಿದ್ದಲು ಕೈ ಬರಲಿಲ್ಲ’ ಎಂದು ನೀನು ಬರೆದೆ. ಆ ಪತ್ರವನ್ನು ಎಷ್ಟು ಸಲ ಓದಿದೆನೋ. ಆ ಒಂದು ಸಾಲು ಕಳೆದುಕೊಳ್ಳಲು ಮನಸ್ಸಾಗದೆ ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ನಿನಗೆ ಅರ್ಥವಾದೀತೇ?

ನೀನು ಯಾರ ಹೆಸರನ್ನೂ ಹೇಳಬೇಡ. ನಾನೇ ಆ ನ್ಯಾಯಾಧಿಕಾರಿಗೆ ಬರೆಯುತ್ತೇನೆ. ನನ್ನ ಕೈಯಾರೆ, ನನ್ನ ಹೆಸರಿನಲ್ಲಿ.

ಜೂಡಿತ್

—

ಲಂಡನ್, ಸೆರೆಮನೆ, ೯ ಏಪ್ರಿಲ್
ಮಿಸೆಸ್ ಲಂಟ್ ಕೈಯಲ್ಲಿ

ಜೂಡಿತ್,

ಏಳು ವಾರ ನಾನು ಬರೆಯಲಿಲ್ಲವೆಂದು ಏನೇನೋ ಶಂಕಿಸಿರುತ್ತೀ. ಇಲ್ಲಿ ಕಾಗದ ಸಿಗುವುದು ಕಷ್ಟವಲ್ಲ, ಓದದೆ ಹೊರಗೆ ಬಿಡುವವರು ಸಿಗುವುದು ಕಷ್ಟ. ಆರು ತಿಂಗಳ ಶಿಕ್ಷೆಯಾಗಿದೆ. ಕಿಟಕಿಯಿರುವ ಕೋಣೆ. ಅಂಗಡಿಯನ್ನು ಮಿಸೆಸ್ ಲಂಟ್ ನೋಡಿಕೊಳ್ಳುತ್ತಿದ್ದಾಳೆ.

ನಡೆದದ್ದು ಹೀಗೆ. ಹತ್ತೊಂಬತ್ತರಂದು ಮೂರು ಹಾಳೆಗಳನ್ನೂ ಸುಟ್ಟೆ. ಮೊದಲೆರಡನ್ನು ಬೇಗ ಸುಟ್ಟೆ. ಮೂರನೆಯದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಆ ಸಿಪಾಯಿಯ ಹಿಮ್ಮಡಿಯನ್ನು ನೀನು ಒಂದೇ ಗೆರೆಯಲ್ಲಿ ಬರೆದಿದ್ದೆ, ಸೂಜಿಯನ್ನು ಎಲ್ಲೂ ಎತ್ತದೆ ಅದನ್ನು ಕೊರೆಯಲು ನನಗೆ ನಾಲ್ಕು ಪ್ರಯತ್ನ ಬೇಕಾಯಿತು. ಅಪ್ಪನ ಕೈಯಲ್ಲೂ ಅಂಥ ಗೆರೆ ಬರುತ್ತಿರಲಿಲ್ಲ. ನಾನೇ ಅದನ್ನು ಒಲೆಗೆ ಹಾಕಿದೆ.

ಇಪ್ಪತ್ತರಂದು ಹೋಗಿ, “ಬರೆದದ್ದೂ ನಾನೇ, ಕೊರೆದದ್ದೂ ನಾನೇ” ಎಂದೆ. ಬೂಟಿನ ವಿಷಯ ಹೇಗೆ ತಿಳಿಯಿತು ಎಂದ. “ನನ್ನ ಅಂಗಡಿಗೆ ಬರೋ ಸಿಪಾಯಿಗಳ ಕಾಲು ನೋಡಿದೀನಿ” ಎಂದೆ. ಚಿತ್ರ ಅಂಚೆಯಲ್ಲಿ ಬಂತೆಂದು ನಾನೇ ಪತ್ರದಲ್ಲಿ ಬರೆದದ್ದನ್ನು ಎತ್ತಿದಾಗ, “ಸಿಕ್ಕಿಬಿದ್ರೆ ಇರ್ಲಿ ಅಂತ ಕಟ್ಟಿದ ಕಥೆ ಸ್ವಾಮಿ” ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆಗ ಮೇಜಿನ ಖಾನೆಯಿಂದ ನಿನ್ನ ಪತ್ರ ತೆಗೆದ.

“ಇದು ನಿನ್ನೆ ಪೋರ್ಟ್ಸ್‌ಮತ್‌ನಿಂದ ಬಂತು. ನಿನ್ನ ತಂಗಿಯಂತೆ. ಎಲ್ಲಾ ನಂದೇ ಕೆಲಸ ಅಂತ ಬರ್ದಿದಾಳೆ. ಏನಂತೀಯಾ?”

ನೀನು ಬರೆಯುತ್ತೇನೆ ಎಂದಿದ್ದೆ. ನಿಜವಾಗಿ ಬರೆಯುತ್ತೀ ಎಂದು ನಾನು ನಂಬಿರಲಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕು.

ಪತ್ರ ಓದಿದೆ. ಗಿಲ್ಬರ್ಟನ ಕಣ್ಣಿನ ವಿಷಯ ಅದರಲ್ಲಿರಲಿಲ್ಲ, ಓಕ್‌ಶಾಟ್‌ನ ಹೆಸರಿತ್ತು. ಅಕ್ಷರ ಎಲ್ಲೂ ನಡುಗಿರಲಿಲ್ಲ. ಓದಿ ಅವನ ಮುಂದಿಟ್ಟೆ.

“ಅಯ್ಯೋ, ಇವಳಾ?” ಎಂದೆ. “ಸ್ವಾಮಿ, ಇವಳಿಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ಲ. ಚಿಕ್ಕವಳಿದ್ದಾಗ ಮನುಷ್ಯನ್ನ ಬರಿ ಅಂದ್ರೆ ಆಲೂಗಡ್ಡೆ ಬರೀತಿದ್ಲು. ಅಕ್ಕ ಜೈಲಿಗೆ ಹೋಗ್ತಾಳಲ್ಲಾ ಅಂತ ಏನೋ ಗೀಚಿದಾಳೆ.”

ಗುಮಾಸ್ತ ಮೊದಲು ನಕ್ಕ. ಆಮೇಲೆ ನ್ಯಾಯಾಧಿಕಾರಿ ನಕ್ಕ. “ಪಾಪ, ಒಳ್ಳೆ ಮನಸ್ಸಿನ ಹೆಂಗಸು” ಎಂದು ನಿನ್ನ ಪತ್ರವನ್ನು ಎರಡು ಮಡಿಕೆ ಮಾಡಿ ಬುಟ್ಟಿಗೆ ಹಾಕಿದ. ಅಷ್ಟೇ. ನಿನ್ನನ್ನು ಹುಡುಕಿಕೊಂಡು ಇನ್ನು ಯಾರೂ ಬರುವುದಿಲ್ಲ. ಓಕ್‌ಶಾಟ್‌ನ ಹೆಸರೂ ಅದೇ ಬುಟ್ಟಿಗೆ ಹೋಯಿತು, ಅವನನ್ನೂ ಯಾರೂ ಕೇಳುವುದಿಲ್ಲ.

ನಿನ್ನನ್ನು ಉಳಿಸಲು ಹೇಳಿದ ಸುಳ್ಳು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಇಲ್ಲಿ ಕೂತು ಯೋಚಿಸಲು ಬೇಕಾದಷ್ಟು ಹೊತ್ತಿದೆ. ಆ ಕುರುಡ ಪಿಟೀಲಿನವನ ಚಿತ್ರ ನನಗೆ ನೆನಪೇ ಇಲ್ಲ, ಜೂಡಿತ್. ನೀನು ಬರೆದ ಮೇಲೂ ನೆನಪಾಗಲಿಲ್ಲ. ಉಗ್ರಾಣದ ಕಾಗದ, ಪೋರ್ಟ್ಸ್‌ಮತ್ ಮೊಹರು, ನಿನ್ನ ಮನೆ, ಇಷ್ಟೆಲ್ಲ ಕಣ್ಣೆದುರಿಗಿದ್ದಾಗಲೂ ನಾನು ಗಿಲ್ಬರ್ಟನನ್ನು ಶಂಕಿಸಿದೆ. ನಿನ್ನನ್ನು ಒಂದು ಸಲವೂ ಶಂಕಿಸಲಿಲ್ಲ. ಅದನ್ನು ಪ್ರೀತಿಯೆಂದುಕೊಳ್ಳಲು ಈಗ ಧೈರ್ಯ ಸಾಲದು.

ಸುಳ್ಳು ಹೇಳುವಾಗ ನನ್ನ ಗಂಟಲು ಒಣಗುತ್ತದೆ, ನಿನಗೇ ಗೊತ್ತಲ್ಲ. ಚಿತ್ರ ನಾನೇ ಬರೆದದ್ದು ಎಂದಾಗ ಒಣಗಿತು, ಅದಕ್ಕೇ ಅವನು ನಂಬಲಿಲ್ಲ. ನಿನಗೆ ಚಿತ್ರ ಬರೆಯಲು ಬರುವುದಿಲ್ಲ ಎಂದಾಗ ಒಣಗಲಿಲ್ಲ. ಮಾತು ಸಲೀಸಾಗಿ, ನಗುತ್ತಾ ಬಂತು.

ಅದಕ್ಕೇ ಅವರು ನಂಬಿದರು.

ಡಾರ್ಕಸ್